ಗೆರೆ ಎಳೆದು ಕಂಡ ಇತಿಹಾಸ

ಭೀಮರಾಯನಗುಡಿ ನೀರಾವರಿ ಬೆಳೆಸಿದ ಊರು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ಎಂಜಿನಿಯರುಗಳ ವಸತಿ, ಕೃಷಿ ಕಾಲೇಜು, ಅದರಾಚೆ ಕಾಲುವೆ, ಕಾಲುವೆಯಾಚೆ ಭತ್ತದ ಗದ್ದೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಿಡುವ ಮುಂಚೆ ಇದೆಲ್ಲ ಜೋಳ, ಸಜ್ಜೆ, ತೊಗರಿಯ ಸೀಮೆ. ಇಲ್ಲಿಗೆ ಬಂದವರು ನೀರಿನ ಲೆಕ್ಕ ಕೇಳುತ್ತಾರೆ, ಕಲ್ಲಿನ ಲೆಕ್ಕ ಕೇಳುವವರು ಕಡಿಮೆ. ಆದರೆ ಶಹಾಪುರ, ಭೀಮರಾಯನಗುಡಿಗಳ ಈ ಸುತ್ತಿನಲ್ಲೇ ವಿಭೂತಿಹಳ್ಳಿ ಇದೆ. ಅಲ್ಲಿನ ಬಯಲಿನಲ್ಲಿ ಆಳೆತ್ತರಕ್ಕೂ ಬಾರದ ದುಂಡು ಬಂಡೆಗಳು ಸಾಲುಸಾಲಾಗಿ ಕೂತಿವೆ. ಕಬ್ಬಿಣ ಕಂಡ ಕಾಲದ ಜನ, ನಾವೀಗ ಬೃಹತ್ ಶಿಲಾಯುಗದವರೆಂದು ಕರೆಯುವ ಜನ, ತಂದು ಹೂಡಿದ ಕಲ್ಲುಗಳು ಅವು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ.

ಆ ಬಯಲಿನ ನಡುವೆ ನಿಂತವರಿಗೆ ಕಾಣುವುದು ಕಲ್ಲುಗಳು ಮಾತ್ರ. ಗುಡ್ಡದ ಸೀಮೆಯಲ್ಲಿ ಕಲ್ಲಿಗೇನು ಬರ? ಸುತ್ತಲೂ ಅವೇ. ಇವು ಉರುಳಿ ಬಂದವಲ್ಲ, ಯಾರೋ ಅಳೆದು ಇಟ್ಟವು ಎಂಬುದು ಗೊತ್ತಾಗಬೇಕಾದರೆ ಒಬ್ಬರು ಹಗ್ಗ ಹಿಡಿದು, ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕಿ, ಕಾಗದದ ಮೇಲೆ ಒಂದೊಂದೇ ಚುಕ್ಕಿ ಇಡುತ್ತ ಹೋಗಬೇಕು. ಕಾಗದದ ಮೇಲೆ ಸಾಲು ಮೂಡಿದ ಮೇಲೆಯೇ ಬಯಲಿನಲ್ಲೂ ಸಾಲು ಕಾಣುತ್ತದೆ.

ಇತಿಹಾಸದ ಹುಚ್ಚು ಹಿಡಿದವರು ಮಾಡುವ ಕೆಲಸ ಮೂರು: ಓದುತ್ತಾರೆ, ಬರೆಯುತ್ತಾರೆ, ಚಿತ್ರ ತೆಗೆಯುತ್ತಾರೆ. ನಮ್ಮಲ್ಲಿ ಮೊದಲಿನ ಎರಡಕ್ಕೆ ಶಾಲು, ಹಾರ, ಪ್ರಶಸ್ತಿ ಎಲ್ಲ ಇವೆ. ಮೂರನೆಯದನ್ನು ಮಾಡುವವನು ಹೆಚ್ಚೆಂದರೆ ಡ್ರಾಯಿಂಗ್ ಮೇಷ್ಟ್ರು. ಶಹಾಪುರ, ಸುರಪುರಗಳ ಈ ಸಗರನಾಡಿನ ಮಟ್ಟಿಗಾದರೂ ಈ ಮರ್ಯಾದೆಯ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಇಲ್ಲಿ ಓದಿ ಕಟ್ಟಿದ ಸಿದ್ಧಾಂತಗಳು ಬಿದ್ದುಹೋಗಿವೆ, ಬರೆದ ಕಥನಗಳ ಮೇಲೆ ಜಗಳ ಮುಗಿದಿಲ್ಲ, ಅಳತೆ ಹಿಡಿದು ಎಳೆದ ಗೆರೆಗಳು ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತಿವೆ.

ಇದಕ್ಕೆ ಸಾಕ್ಷಿ ಒಬ್ಬ ಮನುಷ್ಯನ ಬಾಳಿನಲ್ಲೇ ಸಿಗುತ್ತದೆ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವ. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಮುಂಬೈಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದು, 1824ರಲ್ಲಿ ಹೈದರಾಬಾದ್ ನಿಜಾಮರ ಸೇನೆ ಸೇರಿದ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಭಾಷೆ, ಕಾನೂನು, ಭೂಮಾಪನ, ಕಟ್ಟಡ ಕೆಲಸ ಎಲ್ಲವನ್ನೂ ತಾನೇ ಕಲಿತ. 1839ರಲ್ಲಿ ಬಂದ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಅವನನ್ನು ಇಂಗ್ಲೆಂಡಿನಲ್ಲಿ ಮನೆಮಾತು ಮಾಡಿತು. 1841ರ ಕೊನೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವನು 1853ರವರೆಗೆ ಇಲ್ಲಿದ್ದ. ಬೋನಾಳದ ಕೆರೆಯನ್ನು ದೊಡ್ಡದು ಮಾಡಿಸಿದ. ಅಲ್ಲೀಗ ಹಕ್ಕಿಗಳು ಬಂದಿಳಿಯುತ್ತವೆ. ಬೆಟ್ಟದ ಮೇಲೆ ಕಟ್ಟಿಸಿದ ಬಂಗಲೆಯನ್ನು ಸುರಪುರದವರು ಇವತ್ತಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರದಿ ಕಳಿಸುತ್ತಿದ್ದವನೂ ಇವನೇ. ಹೀಗೆ ಆಡಳಿತ, ಪತ್ರಿಕೆ, ಕಾದಂಬರಿ ಎಲ್ಲ ಒಂದೇ ಕೈಯಲ್ಲಿ ನಡೆಯುತ್ತಿದ್ದಾಗ, ಅದೇ ಕೈ ಬಿಡುವು ಮಾಡಿಕೊಂಡು ಹೊಲಗದ್ದೆಗಳ ಕಲ್ಲುಗಳನ್ನು ಅಳೆಯುತ್ತಿತ್ತು.

ರಾಜನಕೋಳೂರಿನ ಕಲ್ಮನೆಗಳು, ವಿಭೂತಿಹಳ್ಳಿಯ ಸಾಲುಗಲ್ಲು, ಜೇವರ್ಗಿ ಸೀಮೆಯ ಕಲ್ಲುಗುಪ್ಪೆಗಳು: ಇವುಗಳ ಬಗ್ಗೆ ಟೇಲರ್ 1850ರ ದಶಕದ ಮೊದಲಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬೈ ಶಾಖೆಯ ಪತ್ರಿಕೆಗೆ ಬರೆದ. ಮುಂದೆ ತಾಯ್ನಾಡಿಗೆ ಮರಳಿದ ಮೇಲೆ ರಾಯಲ್ ಐರಿಷ್ ಅಕಾಡೆಮಿಯ ಮುಂದೆಯೂ ಇದೇ ವಿಷಯ ಇಟ್ಟ. ಬರೆದದ್ದರಲ್ಲಿ ಎರಡು ಪದರಗಳಿವೆ. ಒಂದು ಅವನು ಓದಿಕೊಂಡದ್ದು. ಬ್ರಿಟನ್, ಐರ್ಲೆಂಡ್‌ಗಳ ಕಲ್ಲು ಸಮಾಧಿಗಳ ಬಗ್ಗೆ ಆಗ ಪುಸ್ತಕಗಳು ಹೇಳುತ್ತಿದ್ದುದು ಕೆಲ್ಟರ ಕಥೆ, ಡ್ರೂಯಿಡ್ ಪುರೋಹಿತರ ಕಥೆ, ಮಧ್ಯ ಏಷ್ಯಾದ ಸಿಥಿಯನ್ನರ ಕಥೆ. ಅದೇ ಕಥೆಯನ್ನು ಟೇಲರ್ ಸುರಪುರದ ಮೇಲೆ ಹೊದಿಸಿದ. ಲೇಖನದ ಶೀರ್ಷಿಕೆಯಲ್ಲೇ ಇವು ಸಿಥಿಯನ್-ಡ್ರೂಯಿಡ್ ಅವಶೇಷಗಳೆಂದು ತೀರ್ಪು ಕೊಟ್ಟುಬಿಟ್ಟ. ಜೇವರ್ಗಿಯ ಗುಪ್ಪೆಗಳಲ್ಲಿ ರುಂಡ ಬೇರೆಯಾದ ಅಸ್ಥಿಪಂಜರ ಕಂಡದ್ದೇ ತಡ, ನರಬಲಿಯ ಊಹೆಗೂ ಕೈ ಹಾಕಿದ.

ಇನ್ನೊಂದು ಪದರ ಅವನು ಕಂಡದ್ದು. ಯಾವ ಕಲ್ಮನೆಗೆ ಮೂರು ಕಡೆ ಚಪ್ಪಡಿ ನಿಲ್ಲಿಸಿ ಒಂದು ಕಡೆ ತೆರೆದು ಬಿಟ್ಟಿದ್ದಾರೆ, ಯಾವುದಕ್ಕೆ ನಾಲ್ಕೂ ಕಡೆ ಮುಚ್ಚಿ ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ ಕೊರೆದಿದ್ದಾರೆ, ಮುಚ್ಚಿದ್ದರೊಳಗೆ ಬೂದಿ, ಇದ್ದಿಲು, ಎಲುಬಿನ ಚೂರು ಹೇಗೆ ಬಿದ್ದಿದ್ದವು, ಕೆಂಪು ಕಪ್ಪು ಮಡಕೆಗಳ ಆಕಾರ ಎಂಥದು. ಅಳತೆ ಹಿಡಿದು, ನಕ್ಷೆ ಬರೆದು, ಅಡ್ಡಕೊಯ್ತದ ಚಿತ್ರ ತೆಗೆದು ಹೇಳಿದ್ದು ಇದೆಲ್ಲ.

ಮೊದಲ ಪದರಕ್ಕೆ ಏನಾಯಿತು? ಡ್ರೂಯಿಡರು ಪುಸ್ತಕದಿಂದ ಸದ್ದಿಲ್ಲದೆ ಎದ್ದುಹೋದರು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದು, ದಕ್ಷಿಣದ ಈ ಸಮಾಧಿಗಳಿಗೆ ಇಲ್ಲಿಯ ಮಣ್ಣಿನಲ್ಲೇ ಕಾಲದ ಸ್ಥಾನ ಗುರುತಿಸಿದ. ಆದರೆ ಅದಕ್ಕೂ ಮುಂಚೆ, 1941ರಲ್ಲಿ, ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಟೇಲರನ ಲೇಖನಗಳನ್ನೆಲ್ಲ ಒಟ್ಟು ಮಾಡಿ ಪುಸ್ತಕವಾಗಿ ತಂದಿತ್ತು. ಹತ್ತಿರ ಹತ್ತಿರ 90 ವರ್ಷ ಹಳೆಯ ಬರಹವನ್ನು ಮತ್ತೆ ಅಚ್ಚು ಹಾಕುವಂಥದ್ದು ಅದರಲ್ಲಿ ಏನಿತ್ತು? ಸಿಥಿಯನ್ನರ ಮೇಲಿನ ಮೋಹ ಅಷ್ಟು ಹೊತ್ತಿಗೆ ವಿದ್ವಾಂಸರಲ್ಲಿ ಕರಗಿತ್ತು. ಉಳಿದದ್ದು ವರ್ಣನೆ, ಅಳತೆ, ನಕ್ಷೆ.

ವಿಭೂತಿಹಳ್ಳಿಯ ಕಥೆ ಮುಂದುವರಿಯುತ್ತದೆ. 1956ರಲ್ಲಿ ರೇಮಂಡ್ ಆಲ್ಚಿನ್ ಹೈದರಾಬಾದ್ ಸಂಸ್ಥಾನದ ದಕ್ಷಿಣ ಭಾಗದ ಸಾಲುಗಲ್ಲುಗಳ ಬಗ್ಗೆ ಲೇಖನ ಬರೆದರು. 2010ರಲ್ಲಿ ಎನ್. ಕಾಮೇಶ್ವರ ರಾವ್ ಮತ್ತು ಪ್ರಿಯಾ ಠಾಕೂರ್ ಅವೇ ಕಲ್ಲುಗಳ ಮುಂದೆ ಹೊಸ ಪ್ರಶ್ನೆ ಇಟ್ಟರು: ಉತ್ತರಾಯಣ, ದಕ್ಷಿಣಾಯನಗಳ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧವಿದೆಯೇ? ಇದೆ ಎಂದು ಅವರು ವಾದಿಸಿದರು. ಆ ವಾದ ನಿಲ್ಲುತ್ತದೋ ಬೀಳುತ್ತದೋ ಖಗೋಳ ಬಲ್ಲವರು ಹೇಳಲಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಟೇಲರನ ತಲೆಗೆ ಹೊಳೆಯದಿದ್ದ ಪ್ರಶ್ನೆಯನ್ನು ಒಂದೂವರೆ ಶತಮಾನ ಕಳೆದ ಮೇಲೆ ಕೇಳುವವರಿಗೂ ಬೇಕಾದದ್ದು ಯಾವ ಕಲ್ಲು ಎಲ್ಲಿತ್ತು ಎಂಬ ಹಳೆಯ ನಕ್ಷೆಯೇ. ಒಂದು ಕಲ್ಲು ಸರಿದಿದ್ದರೆ ದಿಕ್ಕಿನ ಲೆಕ್ಕ ತಪ್ಪುತ್ತದೆ. ಸರಿದಿದೆಯೋ ಇಲ್ಲವೋ ಎಂದು ನೋಡಲು ಮೊದಲಿನ ಗೆರೆ ಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಆಡಬೇಕು. ಟೇಲರ್ ಸಮಾಧಿಗಳನ್ನು ಅಗೆದ. ಅಗೆದ ಸಮಾಧಿಯನ್ನು ಮತ್ತೊಬ್ಬ ಅಗೆಯಲಾರ. ಎಲುಬನ್ನು, ಇದ್ದಿಲನ್ನು ಪ್ರಯೋಗಾಲಯಕ್ಕೆ ಕೊಟ್ಟು ಕಾಲ ತಿಳಿಯುವ ಈ ದಿನಗಳಲ್ಲಿ ಅವನು ತೆಗೆದು ಬದಿಗಿಟ್ಟದ್ದು ಎಷ್ಟು ದೊಡ್ಡ ನಷ್ಟ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಆ ನಷ್ಟದಲ್ಲಿ ನಮಗೆ ದಕ್ಕಿದ್ದು ಕಾಗದದ ಮೇಲಿನ ಚಿತ್ರವೊಂದೇ. ಹವ್ಯಾಸಿಗಳ ಕೈಗೆ ಗುದ್ದಲಿ ಕೊಡಬಾರದು ಎಂದು 1958ರ ಪುರಾತನ ಸ್ಮಾರಕಗಳ ಕಾಯ್ದೆ ಸುಮ್ಮನೆ ಹೇಳಿಲ್ಲ. ನಿಧಿಗಳ್ಳರಂತೂ ಕಾಯ್ದೆ ಓದುವುದಿಲ್ಲ. ಪೆನ್ಸಿಲ್ಲು ಮಾತ್ರ ಕಲ್ಲಿಗೆ ಏನೂ ಮಾಡುವುದಿಲ್ಲ.

ಈಗ ಬರಹದ ಕಡೆ ಬರೋಣ. ಟೇಲರ್ ಬರೆದದ್ದರಲ್ಲಿ ಸುರಪುರದವರು ಹೆಚ್ಚು ಓದುವುದು, ಹೆಚ್ಚು ಜಗಳವಾಡುವುದು ಅವನ ಆತ್ಮಕಥೆಯ ಮೇಲೆ. ಅವನು 1876ರಲ್ಲಿ ಸತ್ತ ಮರುವರ್ಷ ಮಗಳು ಅದನ್ನು ಹೊರತಂದಳು. ಅದರಲ್ಲಿ ರಾಣಿ ಈಶ್ವರಮ್ಮ ಬರುತ್ತಾಳೆ, ಮಗುವಾಗಿದ್ದಾಗಿನಿಂದ ಟೇಲರ್ ಕಂಡ ರಾಜಾ ವೆಂಕಟಪ್ಪ ನಾಯಕ ಬರುತ್ತಾನೆ. 1858ರ ಫೆಬ್ರವರಿಯಲ್ಲಿ ಸುರಪುರ ಕಂಪನಿಯ ಸೇನೆಯ ಮೇಲೆ ತಿರುಗಿಬಿತ್ತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಯುವಕ ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಮರಣದಂಡನೆ ಕಡಿಮೆಯಾಗುತ್ತ ಬಂದು ಕೆಲವೇ ವರ್ಷಗಳ ಸೆರೆವಾಸಕ್ಕೆ ಇಳಿದ ಮೇಲೆ, ಕಾವಲಿನಲ್ಲಿ ಕರೆದೊಯ್ಯುವ ದಾರಿಯಲ್ಲಿ ಕಾವಲು ಅಧಿಕಾರಿಯದೇ ರಿವಾಲ್ವರಿನ ಗುಂಡಿಗೆ ಸತ್ತ. ಸರಕಾರದ ದಾಖಲೆ ತಾನೇ ಹೊಡೆದುಕೊಂಡ ಎನ್ನುತ್ತದೆ. ಟೇಲರನೂ ಅದನ್ನೇ ಒಪ್ಪಿ, 24ನೇ ವಯಸ್ಸಿನಲ್ಲಿ ಸಾವು ಎಂದಿದ್ದ ಜಾತಕದ ಭವಿಷ್ಯವನ್ನು ಅದಕ್ಕೆ ಜೋಡಿಸಿ, ಕಾದಂಬರಿಕಾರನ ಕೈಚಳಕದಿಂದ ಅಧ್ಯಾಯ ಮುಗಿಸುತ್ತಾನೆ. ಸುರಪುರ ಇದನ್ನು ಇಂದಿಗೂ ಒಪ್ಪಿಲ್ಲ. 1860ರಲ್ಲಿ ಸಂಸ್ಥಾನವನ್ನೇ ಕಿತ್ತು ನಿಜಾಮನಿಗೆ ಕೊಟ್ಟ ಸರಕಾರದ ಮಾತನ್ನು ಯಾಕೆ ಒಪ್ಪಬೇಕು?

ಒಬ್ಬನೇ ಮನುಷ್ಯ, ಒಂದೇ ಸೀಮೆ. ರಾಜನಕೋಳೂರಿನ ಚಪ್ಪಡಿಯ ಬಗ್ಗೆ ಅವನು ಹೇಳಿದ್ದನ್ನು ನಾವು ಅಳತೆಪಟ್ಟಿ ಹಿಡಿದು ಹೋಗಿ ತಾಳೆ ನೋಡಬಹುದು, ತಪ್ಪಿದ್ದರೆ ಇಲ್ಲಿ ತಪ್ಪಿದೆ ಎನ್ನಬಹುದು. ವೆಂಕಟಪ್ಪ ನಾಯಕನ ಬಗ್ಗೆ ಅವನು ಹೇಳಿದ್ದಕ್ಕೆ ಆ ಸೌಲಭ್ಯವಿಲ್ಲ. ಅಲ್ಲಿ ಅವನು ಪ್ರೀತಿಸಿದವನೂ ಹೌದು, ಆಳಿದವನೂ ಹೌದು, ಆಳಿಸಿದವರ ಸಂಬಳ ತಿಂದವನೂ ಹೌದು. ಅವನ ಗದ್ಯ ಎಷ್ಟು ಸೊಗಸೋ ಅಷ್ಟು ಎಚ್ಚರದಿಂದ ಓದಬೇಕಾಗುತ್ತದೆ. ಈ ಮಾತನ್ನು ನಮ್ಮವರಿಗೂ ಅನ್ವಯಿಸಬೇಕು. ಟೇಲರನಿಗೆ ಉತ್ತರ ಕೊಡಲೆಂದು ನಮ್ಮ ಊರುಗಳಲ್ಲಿ ಬರೆದ ಚರಿತ್ರೆಗಳಲ್ಲಿ ಎಷ್ಟೋ ಕಡೆ ಅಭಿಮಾನವೇ ಆಧಾರವಾಗಿ ನಿಂತಿದೆ. ಊರಿನ ಮೇಲಿನ, ಮನೆತನದ ಮೇಲಿನ, ಜಾತಿಯ ಮೇಲಿನ ಪ್ರೀತಿ ವಾಕ್ಯದೊಳಗೆ ಸುಲಭವಾಗಿ ನುಸುಳುತ್ತದೆ. ಮುರಿದ ವೀರಗಲ್ಲಿನ ಅಳತೆಚಿತ್ರದೊಳಗೆ ನುಸುಳಬೇಕಾದರೆ ಅದಕ್ಕೆ ಸ್ವಲ್ಪ ಕಷ್ಟವಿದೆ.

ಹಾಗೆಂದು ಕೈಬರಹದ ಗೆರೆಯೆಲ್ಲ ಪ್ರಮಾಣವೆಂದು ನಾನು ಹೇಳುತ್ತಿಲ್ಲ. ಇದಕ್ಕೆ ಎದುರು ಉದಾಹರಣೆ ಕನ್ನಡ ಶಾಸನ ಅಧ್ಯಯನದ ಹುಟ್ಟಿನಲ್ಲೇ ಇದೆ. ಧಾರವಾಡದ ಕಡೆ ಕೆಲಸ ಮಾಡಿದ ವಾಲ್ಟರ್ ಎಲಿಯಟ್ ದೇಶೀ ಲಿಪಿಕಾರರನ್ನು ಇಟ್ಟುಕೊಂಡು 595 ಶಾಸನಗಳ ಪ್ರತಿ ಮಾಡಿಸಿದ. ಕಣ್ಣಿಂದ ನೋಡಿ ಕೈಯಿಂದ ಬರೆದ ಪ್ರತಿಗಳವು. ಎಂಥ ಸಂಪತ್ತು! ಆದರೆ ಮುಂದೆ ಜಾನ್ ಫ್ಲೀಟ್ ಮುಂತಾದವರು ಮೂಲ ಕಲ್ಲಿಗೆ ಹೋಗಿ ಕಾಗದ ಒತ್ತಿ ಪಡಿಯಚ್ಚು ತೆಗೆದು ಓದಿದಾಗ ಎಷ್ಟೋ ಕಡೆ ಅಕ್ಷರ ಬೇರೆಯೇ ಇತ್ತು. ಓದು ಬಲ್ಲವನ ಕೈ ತಾನು ನಿರೀಕ್ಷಿಸಿದ ಅಕ್ಷರವನ್ನು ಬರೆದುಬಿಡುತ್ತದೆ. ಸವೆದ ಕಲ್ಲು ತಡೆಯುವುದಿಲ್ಲ. ಆದ್ದರಿಂದ ನನ್ನ ತೀರ್ಮಾನ ಇಷ್ಟು ಕಿರಿದು: ಅಕ್ಷರಕ್ಕೆ ಪಡಿಯಚ್ಚೇ ಆಗಬೇಕು, ಕೈಯನ್ನು ನಂಬಬೇಡಿ. ಯಾವುದು ಯಾವುದರ ಪಕ್ಕದಲ್ಲಿದೆ, ಯಾವುದರ ಮೇಲೆ ಯಾವುದು ಕೂತಿದೆ, ನಡುವೆ ಎಷ್ಟು ಅಂತರ ಎಂಬಂಥ ಸಂಬಂಧಗಳಿಗೆ ಅಳತೆ ಹಿಡಿದ ಕೈಯಷ್ಟು ಒಳ್ಳೆಯ ಸಾಕ್ಷಿ ಇಲ್ಲ.

ಫೋನಿನ ಕ್ಯಾಮೆರಾ ಇರುವಾಗ ಈ ಪಾಡೇಕೆ ಎನ್ನುವವರಿದ್ದಾರೆ. ಕ್ಯಾಮೆರಾ ಎಲ್ಲವನ್ನೂ ತೆಗೆದುಕೊಳ್ಳುತ್ತದೆ: ಕಲ್ಲು, ಕಳೆ, ಪ್ಲಾಸ್ಟಿಕ್ಕು, ನೆರಳು. ಅದಕ್ಕೆ ಆಯ್ಕೆ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ವೀರಗಲ್ಲಿನ ಫೋಟೋದಲ್ಲಿ ಕೆಳಗಿನ ಪಟ್ಟಿಕೆಯ ಹೋರಾಟ ಮಾಯ. ಚಿತ್ರ ತೆಗೆಯುವವನು ಬೆಳಿಗ್ಗೆ ಕೂತರೆ ಸೂರ್ಯ ಸರಿದಂತೆ ಒಂದು ಕಡೆಯಿಂದ ಕತ್ತಿ ಕಾಣುತ್ತದೆ, ಇನ್ನೊಂದು ಕಡೆಯಿಂದ ಕುದುರೆಯ ಕಾಲು. ಅವನು ಪ್ರತಿ ಗೆರೆಗೂ ಒಂದು ನಿರ್ಧಾರ ಮಾಡಬೇಕು: ಈ ಅಂಚು ಉಳಿಯಿಂದ ಆದದ್ದೋ, ಒಡಕಿನದೋ? ಈ ನಿರ್ಧಾರಗಳ ಸಾಲೇ ಅಧ್ಯಯನ. ಉತ್ಖನನದಲ್ಲಿ ಸಿಕ್ಕ ಮಡಕೆಯ ಅಂಚನ್ನು ಪುರಾತತ್ವದವರು ಇಂದಿಗೂ ಅರ್ಧ ಹೊರಮೈ, ಅರ್ಧ ಅಡ್ಡಕೊಯ್ತವಾಗಿ ಚಿತ್ರಿಸುತ್ತಾರೆ. ಹಂಪಿಯಲ್ಲಿ 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ವರ್ಷ ವರ್ಷ ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಕೂಡಿಸಿ ಕಟ್ಟಡ ಕಟ್ಟಡಗಳ ಅಳತೆಚಿತ್ರ ಬರೆಸಿದರು. ಕ್ಯಾಮೆರಾ ಅವರ ಬಳಿಯೂ ಇತ್ತು.

ಕೆಲವೊಮ್ಮೆ ಅನಿಸುತ್ತದೆ, ಸುರಪುರಕ್ಕೆ ಚಿತ್ರ ಹೊಸದಲ್ಲವಲ್ಲ. ಗರುಡಾದ್ರಿ ಮನೆತನದ ಚಿತ್ರಗಾರರು ಬಂಗಾರದ ಹಾಳೆ ಕೂಡಿಸಿ ಬರೆದ ಚಿತ್ರಗಳಿಗೆ ಈ ಊರು ಹೆಸರಾಗಿತ್ತು. ಅಷ್ಟು ನಯವಾದ ಕುಂಚಗಳು ದೇವರನ್ನು, ದೊರೆಯನ್ನು ಬರೆದವು. ಹೊಲದ ಕಲ್ಮನೆ ಚಿತ್ರಕ್ಕೆ ಯೋಗ್ಯ ವಸ್ತು ಎಂದು ಯಾರಿಗೂ ತೋಚಲಿಲ್ಲ. ಜನರಿಗೆ ಅದು ಹಿಂದಿನ ಕುಳ್ಳರು ಕಟ್ಟಿಕೊಂಡ ಮೋರ್ಯರ ಮನೆ, ಅಷ್ಟೆ.

ಹವ್ಯಾಸಿಯ ಕಣ್ಣಿಗೆ ಇನ್ನೊಂದು ಉದಾಹರಣೆ ನಮ್ಮವರದೇ. ಕಪಟರಾಳ ಕೃಷ್ಣರಾಯರು ವೃತ್ತಿಯಿಂದ ವಕೀಲರು. ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದವರು, ಲಾಕುಲಶೈವರ ಮೇಲೆ ಗ್ರಂಥ ರಚಿಸಿದವರು. ಭೀಮಾ ದಂಡೆಯ ಸನ್ನತಿಯ ಪ್ರಾಚೀನತೆಯನ್ನು 1954ರಲ್ಲಿ ಮೊದಲು ಗುರುತಿಸಿ ವಿದ್ವಾಂಸರ ಗಮನಕ್ಕೆ ತಂದವರು ಅವರು. ಪಿ.ಬಿ. ದೇಸಾಯಿ, ಎಂ. ಶೇಷಾದ್ರಿ ಆಮೇಲೆ ಬಂದರು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಅಶೋಕನ ಹೆಸರು ಕೊರೆದ ಅವನದೇ ಶಿಲ್ಪ ಸಿಕ್ಕಿತು. ಇಷ್ಟಕ್ಕೆಲ್ಲ ಮೊದಲ ಬೆರಳು ತೋರಿಸಿದ್ದು ಕೋರ್ಟಿನ ಕೆಲಸದ ನಡುವೆ ಊರು ತಿರುಗಿದ ವಕೀಲರೊಬ್ಬರು. ಇಲಾಖೆಗಳು ಬರುವುದು ಯಾವಾಗಲೂ ಎರಡನೆಯದಾಗಿ.

ಇಲಾಖೆ ಬರುವಷ್ಟರಲ್ಲಿ ನೆಲವೇ ಬದಲಾಗುತ್ತದೆ ಎಂಬುದು ಇಲ್ಲಿಯ ಕಷ್ಟ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1965ರಿಂದ ಸುರಪುರ ದೋಆಬಿನಲ್ಲಿ ನಡೆದಾಡಿದರು. ಕೊಡೇಕಲ್ಲಿನ ಬೂದಿದಿಬ್ಬ ಅಗೆದರು, ಆಮೇಲೆ ಬೂದಿಹಾಳದ್ದು. ಹುಣಸಗಿಯ ಕಣಿವೆಯಲ್ಲಿ ಹಳೆ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಅದರಲ್ಲಿ ಇಸಾಂಪುರದ ಕಲ್ಲುಗಣಿ ಸುಮಾರು 12 ಲಕ್ಷ ವರ್ಷದಷ್ಟು ಹಳೆಯದೆಂದು ಲೆಕ್ಕ ಸಿಕ್ಕಿದೆ. ಅವರು ಕೆಲಸ ಶುರು ಮಾಡಿದಾಗ ಇದು ಮಳೆಯಾಶ್ರಯದ ನೆಲ. ನೀರು ಬಂದ ಮೇಲೆ ಗದ್ದೆ ಮಟ್ಟ ಮಾಡಲು ಬುಲ್ಡೋಜರ್ ಬಂತು. ಬೂದಿದಿಬ್ಬದ ಮಣ್ಣು ಗೊಬ್ಬರಕ್ಕೆ ಒಳ್ಳೆಯದು. ಹೊಲದ ನಡುವಿನ ಕಲ್ಲು ಟ್ರ್ಯಾಕ್ಟರಿಗೆ ಅಡ್ಡ. ರೈತನನ್ನು ದೂರುವ ಹಕ್ಕು ನಮಗಿಲ್ಲ: ಬರದ ಸೀಮೆಗೆ ನೀರು ಬೇಕಿತ್ತು, ಬಂತು. ಆದರೆ ಕಲ್ಲು ಕಿತ್ತು ಬದುವಿಗೆ ಹಾಕುವ ಮುಂಚೆ ಅದರ ಜಾಗ ಕಾಗದದ ಮೇಲೆ ಬಂದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು.

ಈ ಕಾರಣಕ್ಕೇ ಭೀಮರಾಯನಗುಡಿ ನನಗೆ ಕುತೂಹಲದ ಊರು. ಟೇಲರನಿಗೆ ನಕ್ಷೆ ಬರೆಯಲು ಬಂದದ್ದು ಕಲಾಶಾಲೆಯಿಂದಲ್ಲ, ಕಂದಾಯದ ಅಳತೆಯಿಂದ, ರಸ್ತೆ ಕೆರೆಗಳ ಕೆಲಸದಿಂದ. ಅದೇ ವಿದ್ಯೆ ಬಲ್ಲವರು ದಶಕಗಳ ಕಾಲ ತುಂಬಿಕೊಂಡಿದ್ದ ಕ್ಯಾಂಪು ಇದು. ಕಾಲುವೆ ತೋಡುವ ಮೊದಲು ನೆಲದ ಏರಿಳಿತ ಅಳೆದು ದೊಡ್ಡ ಪ್ರಮಾಣದ ನಕ್ಷೆ ಬರೆಯುವುದು ಪದ್ಧತಿ. ಹಾಗೆ ಬರೆದ ಹಾಳೆಗಳು ನೀರು ಬರುವುದಕ್ಕೆ ಮುಂಚಿನ ಸಗರನಾಡಿನ ಮೈಯ ಚಿತ್ರ. ದಿಬ್ಬ, ಹಳ್ಳ, ಬಂಡೆ, ಹಾಳು ಬಾವಿ, ಹಳೆ ದಾರಿ ಎಲ್ಲವೂ ಎಂಜಿನಿಯರನಿಗೆ ಅಡಚಣೆಗಳಾಗಿಯಾದರೂ ಅದರಲ್ಲಿ ಗುರುತಾಗುತ್ತವೆ. ಅವುಗಳನ್ನು ನೀರಾವರಿಯ ಕಡತವೆಂದು ಬೀರುವಿನಲ್ಲಿಟ್ಟು ಗೆದ್ದಲಿಗೆ ಬಿಡುವ ಬದಲು ಇತಿಹಾಸದ ದಾಖಲೆಯೆಂದು ತೆಗೆದು ಸ್ಕ್ಯಾನ್ ಮಾಡಿದರೆ, ಯಾವ ದಿಬ್ಬ ಎಲ್ಲಿ ಮಾಯವಾಯಿತು ಎಂದು ಇವತ್ತಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಬಹುದು. ನಿವೃತ್ತ ಸರ್ವೇಯರುಗಳು, ಡ್ರಾಫ್ಟ್ಸ್‌ಮನ್ನರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಒಬ್ಬರು ಪ್ರೌಢಶಾಲೆಯ ಹತ್ತು ಮಕ್ಕಳನ್ನು ವಿಭೂತಿಹಳ್ಳಿಗೆ ಕರೆದೊಯ್ದು ಟೇಪು ಹಿಡಿಯುವುದು ಹೇಗೆ, ಪ್ರಮಾಣ ಕಟ್ಟುವುದು ಹೇಗೆ, ಉತ್ತರ ದಿಕ್ಕು ಗುರುತಿಸುವುದು ಹೇಗೆ ಎಂದು ಹೇಳಿಕೊಟ್ಟರೆ, ಅದು ಉಪನ್ಯಾಸಮಾಲೆಗಿಂತ ಹೆಚ್ಚಿನ ಪಾಠ ಎಂದು ನನಗೆ ಅನಿಸುತ್ತದೆ.

ಮತ್ತೆ ಹೀಗೆ ಅಳೆದು ಬರೆದ ನೋಟುಬುಕ್ಕುಗಳನ್ನು ಎಲ್ಲಿಡುವುದು? ಹವ್ಯಾಸಿಯ ಕೆಲಸಕ್ಕೆ ದೊಡ್ಡ ಶತ್ರು ಅವನ ಸಾವು. ಪುಸ್ತಕ ಅಚ್ಚಾಗಿದ್ದರೆ ಯಾವುದೋ ಗ್ರಂಥಾಲಯದಲ್ಲಿ ಒಂದು ಪ್ರತಿ ಉಳಿದೀತು. ಪೆನ್ಸಿಲ್ಲಿನ ಚಿತ್ರವಿದ್ದ ಹಾಳೆಗಳನ್ನು ಮನೆ ಖಾಲಿ ಮಾಡುವಾಗ ಹಳೆ ಪೇಪರಿನ ಜೊತೆ ತೂಕಕ್ಕೆ ಹಾಕುತ್ತಾರೆ. ಟೇಲರನಿಗೆ ಮುಂಬೈಯ ಸೊಸೈಟಿ ಇತ್ತು, ಅದರ ಪತ್ರಿಕೆ ಚಿತ್ರಫಲಕಗಳನ್ನು ಅಚ್ಚು ಹಾಕುತ್ತಿತ್ತು. ಅವನ ಗೆರೆಗಳು ಬದುಕಿದ್ದಕ್ಕೆ ಅವನ ಪ್ರತಿಭೆಯಷ್ಟೇ ಆ ಏರ್ಪಾಡೂ ಕಾರಣ. ನಮ್ಮ ಕನ್ನಡ ಪತ್ರಿಕೆಗಳು ಸ್ಥಳೀಯ ಇತಿಹಾಸದ ಲೇಖನ ಕೇಳುವಾಗ ಪದಮಿತಿ ಹೇಳುತ್ತವೆ, ನಕ್ಷೆ ಕಳಿಸಿ ಎನ್ನುವುದಿಲ್ಲ. ಕಳಿಸಿದರೂ ಅಂಗೈಯಗಲಕ್ಕೆ ಕುಗ್ಗಿಸಿ, ಪ್ರಮಾಣದ ಗೆರೆಯನ್ನೇ ಕತ್ತರಿಸಿ ಹಾಕುತ್ತವೆ. ಶಹಾಪುರದಲ್ಲೋ ಸುರಪುರದಲ್ಲೋ ಒಂದು ಸಾರ್ವಜನಿಕ ಗ್ರಂಥಾಲಯದ ಒಂದು ಕಪಾಟು, ಊರಿನ ಹೆಸರು, ದಿನಾಂಕ, ಅಳತೆ ಬರೆದ ಹಾಳೆಗಳನ್ನು ಮಾತ್ರ ತೆಗೆದುಕೊಳ್ಳುವ ಒಂದು ನಿಯಮ, ವರ್ಷಕ್ಕೊಮ್ಮೆ ಅವನ್ನು ಸ್ಕ್ಯಾನ್ ಮಾಡುವ ಒಬ್ಬ ಸಿಬ್ಬಂದಿ: ಕೇಳುತ್ತಿರುವುದು ಇಷ್ಟು. ಜಿಲ್ಲೆಯ ಬಜೆಟ್ಟಿಗೆ ಇದು ಭಾರವಾಗದು. ಕಪಾಟು ಸಿದ್ಧವಾದರೆ ಮೊದಲ ಹಾಳೆಯಾಗಿ ವಿಭೂತಿಹಳ್ಳಿಯ ಇಂದಿನ ಸ್ಥಿತಿಯ ನಕ್ಷೆ ಹೋಗಲಿ, ಕಿತ್ತುಹೋದ ಕಲ್ಲುಗಳ ಜಾಗವನ್ನೂ ಗುರುತಿಸಿ.